ಘಟ್ಟ ಇಳಿದು ಕಾರಂತರ ಬಾಲವನಕ್ಕೆ: ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಕೊಡಗಿನವರಿಗೆ ಪುತ್ತೂರು ಗೊತ್ತಿಲ್ಲದ ಊರೇನಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗುವಾಗ, ನೆಂಟರ ಮದುವೆಗೆ ಹೋಗುವಾಗ, ಮಕ್ಕಳನ್ನು ಹಾಸ್ಟೆಲ್‌ಗೆ ಬಿಡಲು ಹೋಗುವಾಗ ಹಾದು ಹೋಗುವ ಊರು. ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ, ಇಳಿದು ಚಾ ಕುಡಿಯುತ್ತೇವೆ, ಮತ್ತೆ ಹತ್ತಿ ಕೂರುತ್ತೇವೆ. ಆ ಬಸ್ ನಿಲ್ದಾಣದಿಂದ ಆಟೋ ಹತ್ತಿದರೆ ಸ್ವಲ್ಪ ಹೊತ್ತಿಗೇ ಪರ್ಲಡ್ಕ ಸಿಗುತ್ತದೆ. ಅಲ್ಲಿರುವುದೇ ಬಾಲವನ. ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಇದ್ದು, ಬರೆದು, ಕುಣಿದು, ಮಕ್ಕಳಿಗೆ ಪಾಠ ಹೇಳಿದ ಜಾಗ.

ಅಲ್ಲಿಗೆ ಹೋಗಿ ಬಂದ ನಮ್ಮ ಕಡೆಯ ಕೆಲವರು "ಏನಿದೆ ಅಲ್ಲಿ, ಒಂದು ಹಳೇ ಮನೆ ಅಷ್ಟೆ" ಅಂದದ್ದು ಕೇಳಿದ್ದೇನೆ. ಅವರ ಮಾತು ಸುಳ್ಳಲ್ಲ. ಬರಿಗೈಯಲ್ಲಿ ಹೋದರೆ ಅದು ಹಳೇ ಮನೆಯಾಗಿಯೇ ಕಾಣುತ್ತದೆ. ಹಾಗಾಗದಿರಲು ಏನು ಮಾಡಬೇಕು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಡಿಕೇರಿಯಿಂದ ಬೆಳಗ್ಗೆ ಹೊರಟು ಸಂಜೆ ವಾಪಸ್ ಬರುವ ಲೆಕ್ಕದಲ್ಲಿ.

ಎಂಥ ಜಾಗ ಅಂತ ಮೊದಲೇ ತಿಳಿದಿರಲಿ

ಮಡಿಕೇರಿಯ ಸನ್ನಿ ಸೈಡ್ ನೋಡಿದ್ದೀರಲ್ವಾ? ಜನರಲ್ ತಿಮ್ಮಯ್ಯನವರ ಮನೆಯನ್ನು 2021ರಲ್ಲಿ ಸಂಗ್ರಹಾಲಯವಾಗಿ ತೆರೆದರು. ಅಂಗಳದಲ್ಲಿ ಯುದ್ಧ ಟ್ಯಾಂಕ್, ಒಳಗೆ ಸಮವಸ್ತ್ರ, ಪದಕ, ಬಂದೂಕು. ಏನೂ ಓದದೆ ಹೋದ ಮಗುವೂ ಅಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತದೆ. ಸೈನಿಕನ ಬದುಕನ್ನು ವಸ್ತುಗಳಲ್ಲಿ ತೋರಿಸಬಹುದು.

ಬರೆಯುವವರ ವಿಷಯದಲ್ಲಿ ಇದು ಕಷ್ಟ. ಅವರ ಮೇಜು, ಕುರ್ಚಿ, ಕನ್ನಡಕದಂಥವು ನಮ್ಮ ನಿಮ್ಮ ಮನೆಯಲ್ಲೂ ಇವೆ. ಅವರು ಮಾಡಿದ ಕೆಲಸವೆಲ್ಲ ಪುಸ್ತಕದ ಒಳಗೆ ಕೂತಿದೆ. ಪುಸ್ತಕ ಓದಿದವರಿಗೆ ಆ ಕುರ್ಚಿ ಏನೋ ಹೇಳುತ್ತದೆ, ಓದದವರಿಗೆ ಅದು ಬರೀ ಕುರ್ಚಿ. ಹಾಗಾಗಿ ಬಾಲವನದ ಭೇಟಿ ಶುರುವಾಗುವುದು ಮಡಿಕೇರಿಯ ನಿಮ್ಮ ಮನೆಯ ಜಗಲಿಯಲ್ಲೇ.

ಬಾಲವನದಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಕಾರಂತರ ಮನೆ, ನಾಟ್ಯಶಾಲೆ, ಗ್ರಂಥಾಲಯ, ಮತ್ತೆ ಇವುಗಳ ಸುತ್ತಲಿನ ಮರಗಳು. ಈಜುಕೊಳವೂ ಇದೆ. ಮಕ್ಕಳಿಗೆ ಅದರ ವಿಷಯ ಮೊದಲೇ ಹೇಳಬೇಡಿ. ಹೇಳಿದರೆ ಉಳಿದದ್ದು ಯಾವುದೂ ಅವರ ತಲೆಗೆ ಹೋಗುವುದಿಲ್ಲ.

ಹದಿನೈದು ದಿನ ಮೊದಲು: ಒಂದೇ ಒಂದು ಪುಸ್ತಕ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು. ಈ ನಡುವೆ ನಲವತ್ತಕ್ಕೂ ಹೆಚ್ಚು ಕಾದಂಬರಿ, ನಾಟಕಗಳು, ಯಕ್ಷಗಾನದ ಅಧ್ಯಯನ, ಮಕ್ಕಳ ಪುಸ್ತಕಗಳು, ವಿಜ್ಞಾನದ ಸಂಪುಟಗಳು. ಎಲ್ಲ ಓದಿಕೊಂಡು ಹೋಗುತ್ತೇನೆ ಅಂತ ಹೊರಟರೆ ಈ ಜನ್ಮದಲ್ಲಿ ಪುತ್ತೂರು ಮುಟ್ಟುವುದಿಲ್ಲ. ಒಂದನ್ನು ಆರಿಸಿಕೊಳ್ಳಿ.

ಕೊಡಗಿನವರಿಗೆ ನನ್ನ ಮೊದಲ ಆಯ್ಕೆ "ಚೋಮನ ದುಡಿ". 1933ರ ಕಾದಂಬರಿ, ಗಾತ್ರದಲ್ಲಿ ಸಣ್ಣದು, ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಹೊಲೆಯರ ಚೋಮನಿಗೆ ಸ್ವಂತ ಬೇಸಾಯ ಮಾಡುವ ಆಸೆ. ಅದಕ್ಕೆ ಅವನ ಜಾತಿ ಅಡ್ಡ. ಜೊತೆಗೆ ತಲೆಯ ಮೇಲೆ ಸಾಲ. ಸಾಲ ಯಾರದು? ಘಟ್ಟದ ಮೇಲಿನ ಕಾಫಿ ತೋಟದ್ದು! ಅದನ್ನು ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಮಗ ಚನಿಯ ಜ್ವರ ಹಿಡಿದು ಸಾಯುತ್ತಾನೆ. ಮುಂದೆ ಮಗಳು ಬೆಳ್ಳಿಯೂ ಅದೇ ದಾರಿ ಹಿಡಿಯಬೇಕಾಗುತ್ತದೆ. ಅಲ್ಲಿ ಏನಾಯಿತು ಅನ್ನುವುದನ್ನು ನೀವೇ ಓದಿ.

ನಾವು ಕಾಫಿ ತೋಟವನ್ನು ಒಳಗಿನಿಂದ ನೋಡಿದವರು. ಲೈನ್‌ಮನೆ, ರೈಟರು, ಮೇಸ್ತ್ರಿ, ಮುಂಗಡ, ಶನಿವಾರದ ಬಟವಾಡೆ ಇವೆಲ್ಲ ನಮಗೆ ದಿನನಿತ್ಯದ ಮಾತು. ಅದೇ ತೋಟ ಘಟ್ಟದ ಕೆಳಗೆ ನಿಂತವನಿಗೆ ಹೇಗೆ ಕಾಣುತ್ತಿತ್ತು ಅನ್ನುವುದು ಈ ಪುಸ್ತಕದಲ್ಲಿದೆ. ಕೆಲವು ಕಡೆ ನಮಗೆ ಮುಜುಗರ ಆಗುತ್ತದೆ. ಆಗಲಿ. ಬಿ. ವಿ. ಕಾರಂತರು ಇದನ್ನು 1975ರಲ್ಲಿ ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. ಓದುವ ಅಭ್ಯಾಸ ಇಲ್ಲದವರು ಸಿನಿಮಾ ನೋಡಿಕೊಂಡು ಹೋದರೂ ಪರವಾಗಿಲ್ಲ. ಬೆಳ್ಳಿಯ ಕಥೆ ಮಾತ್ರ ಪುಸ್ತಕದಲ್ಲೇ ಜಾಸ್ತಿ ಚುಚ್ಚುತ್ತದೆ ಅನ್ನುವುದು ನನ್ನ ಅನಿಸಿಕೆ.

ಸೋಮವಾರಪೇಟೆ, ಶಾಂತಳ್ಳಿ ಕಡೆಯವರಾದರೆ "ಬೆಟ್ಟದ ಜೀವ" ತೆಗೆದುಕೊಳ್ಳಿ. 1943ರದ್ದು. ನಿಮ್ಮ ಮನೆ ಹಿಂದೆ ಕಾಣುವ ಪುಷ್ಪಗಿರಿಯನ್ನೇ ಆಚೆ ಕಡೆಯವರು ಕುಮಾರ ಪರ್ವತ ಅನ್ನುತ್ತಾರೆ. 1712 ಮೀಟರ್ ಎತ್ತರದ ಆ ಬೆಟ್ಟದ ಇನ್ನೊಂದು ಮಗ್ಗುಲು, ಸುಬ್ರಹ್ಮಣ್ಯದ ಸುತ್ತಲಿನ ಕಾಡು, ಅಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ಗೋಪಾಲಯ್ಯ ದಂಪತಿ. ಮನೆ ಬಿಟ್ಟು ಹೋದ ಮಗನಿಗಾಗಿ ಕಾಯುವ ಮುದುಕರ ಕಥೆ. ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದ ಮನೆಗಳು ಈಗ ನಮ್ಮಲ್ಲಿ ಎಷ್ಟಿಲ್ಲ?

ಆತ್ಮಕಥೆ "ಹುಚ್ಚು ಮನಸ್ಸಿನ ಹತ್ತು ಮುಖಗಳು" ದಪ್ಪ ಪುಸ್ತಕ. ಪೂರ್ತಿ ಓದಲು ಆಗದಿದ್ದರೆ ಪುತ್ತೂರಿಗೆ ಬಂದು ನೆಲೆಸಿದ ಭಾಗ ಹುಡುಕಿ ಅಷ್ಟನ್ನೇ ಓದಿ. ಜ್ಞಾನಪೀಠ ತಂದುಕೊಟ್ಟ "ಮೂಕಜ್ಜಿಯ ಕನಸುಗಳು" ದೊಡ್ಡ ಕೃತಿಯೇ. ಆದರೆ ಈ ಪ್ರವಾಸಕ್ಕೆ ಅದೇ ಆಗಬೇಕು ಅಂತೇನಿಲ್ಲ. ಪ್ರಶಸ್ತಿ ಬಂದದ್ದನ್ನೇ ಮೊದಲು ಓದಬೇಕು ಅನ್ನುವ ನಿಯಮ ಯಾರು ಮಾಡಿದ್ದೋ!

ಪುಸ್ತಕ ಎಲ್ಲಿ ಸಿಗುತ್ತದೆ? ಮಡಿಕೇರಿಯ ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ. ಅಲ್ಲಿ ಸಿಗದಿದ್ದರೆ ಹತ್ತಿರದ ಕಾಲೇಜಿನ ಕನ್ನಡ ಮೇಷ್ಟ್ರನ್ನು ಕೇಳಿ, ಅವರ ಮನೆಯಲ್ಲಂತೂ ಇದ್ದೇ ಇರುತ್ತದೆ. ಓದುವಾಗ ಇಷ್ಟವಾದ ಒಂದು ಪುಟಕ್ಕೆ ಗುರುತು ಹಾಕಿಕೊಳ್ಳಿ. ಅದು ಬಾಲವನದಲ್ಲಿ ಬೇಕಾಗುತ್ತದೆ.

ಯಾವ ತಿಂಗಳು, ಯಾವ ವಾರ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಳೆಯಲ್ಲಿ ಬಾಲವನದ ಮರಗಳು ಚೆಂದ ಕಾಣುತ್ತವೆ, ಅದು ನಿಜ. ತೊಂದರೆ ಇರುವುದು ಘಟ್ಟದಲ್ಲಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಜಾರಿ ಈ ರಸ್ತೆಯೇ ಕಡಿದು ಹೋದದ್ದನ್ನು ನಮಗೆ ಯಾರೂ ನೆನಪಿಸಬೇಕಿಲ್ಲ. ಆಮೇಲೂ ಜೋರು ಮಳೆ ಬಂದಾಗಲೆಲ್ಲ ಸಂಚಾರಕ್ಕೆ ತಡೆ ಬೀಳುವುದುಂಟು. ಮಳೆಗಾಲದಲ್ಲಿ ಹೋಗಲೇಬೇಕಾದರೆ ಹಿಂದಿನ ರಾತ್ರಿ ಜಿಲ್ಲಾಡಳಿತದ ಸೂಚನೆ ನೋಡಿಕೊಂಡೇ ಹೊರಡಿ.

ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು. ತೋಟ ಇರುವವರು ಆಗ ಎಲ್ಲಿಗೂ ಅಲುಗಾಡುವ ಹಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ, ಆದರೆ ಪುತ್ತೂರಿನ ಸೆಕೆ ನಮ್ಮವರಿಗೆ ಆಗಿಬರುವುದಿಲ್ಲ. ಮಡಿಕೇರಿಯಿಂದ ಅಲ್ಲಿಗೆ ಸಾವಿರ ಮೀಟರಿಗೂ ಜಾಸ್ತಿ ಇಳಿಯುತ್ತೀರಿ. ಸ್ವೆಟರ್ ಹಾಕಿಕೊಂಡು ಬಸ್ ಹತ್ತಿದವರು ಸುಳ್ಯದಲ್ಲಿ ಅದನ್ನು ಬಿಚ್ಚಿ, ಪುತ್ತೂರಿನಲ್ಲಿ ಎಲ್ಲಿಡುವುದು ಅಂತ ಹುಡುಕುತ್ತಾರೆ. ನನ್ನ ಮಟ್ಟಿಗೆ ನವೆಂಬರ್ ಮತ್ತು ಫೆಬ್ರವರಿಯ ಕೊನೆ ಒಳ್ಳೆಯ ಕಾಲ. ನವೆಂಬರ್ ಆದರೆ ಪುತ್ತರಿಯ ದಿನ ನೋಡಿಕೊಂಡು ಆರಿಸಿ.

ಅಕ್ಟೋಬರ್ 10 ಕಾರಂತರ ಹುಟ್ಟುಹಬ್ಬ. ಬಾಲವನದಲ್ಲಿ ಕಾರ್ಯಕ್ರಮ ಇರುತ್ತದೆ. ಭಾಷಣ, ಸನ್ಮಾನ ಇಷ್ಟಪಡುವವರು ಆವತ್ತು ಹೋಗಬಹುದು. ಮನೆಯನ್ನು ಸಮಾಧಾನವಾಗಿ ನೋಡಬೇಕು ಅನ್ನುವವರು ಬೇರೆ ದಿನ ಇಟ್ಟುಕೊಳ್ಳಿ. ಮಡಿಕೇರಿ ದಸರಾ ಅದೇ ಹೊತ್ತಿಗೆ ಬಂದರಂತೂ ಊರು ಬಿಟ್ಟು ಹೊರಡುವುದೇ ಒಂದು ಸಾಹಸ.

ವಾರದ ದಿನ ಹೋಗಿ. ಸೋಮವಾರ ಬಿಡಿ, ಸರ್ಕಾರಿ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಅವತ್ತು ರಜೆ. ಹಬ್ಬ, ಎರಡನೇ ಶನಿವಾರ ಕೂಡ ನೋಡಿಕೊಳ್ಳಿ.

ಮೊದಲೇ ವಿಚಾರಿಸಿ

ಇಂಥ ಜಾಗಗಳಲ್ಲಿ ಬೀಗದ ಕೈ ಒಬ್ಬರ ಹತ್ತಿರ ಇರುತ್ತದೆ. ಅವರು ಊಟಕ್ಕೆ ಹೋದರೆ ನೀವು ಜಗಲಿಯಲ್ಲಿ ಕೂರಬೇಕಾಗುತ್ತದೆ. ಪುತ್ತೂರಿನಲ್ಲಿ ಗುರುತಿನವರು ಇದ್ದರೆ ಹಿಂದಿನ ವಾರವೇ ಅವರಿಂದ ಕೇಳಿಸಿ: ಮನೆಯ ಒಳಗೆ ಬಿಡುತ್ತಾರಾ, ನಾಟ್ಯಶಾಲೆ ತೆರೆದಿದೆಯಾ, ಗ್ರಂಥಾಲಯದ ಸಮಯ ಯಾವುದು, ದುರಸ್ತಿ ಏನಾದರೂ ನಡೆಯುತ್ತಿದೆಯಾ. ಬಾಲವನ ಅಂದರೆ ಪುತ್ತೂರಿನಲ್ಲಿ ಎಲ್ಲರಿಗೂ ಗೊತ್ತು.

ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳಿಗೆ ಒಂದು ಮಾತು. ಶಾಲೆಯ ಲೆಟರ್‌ಹೆಡ್‌ನಲ್ಲಿ ಪತ್ರ ಬರೆದು, ಮಕ್ಕಳ ಸಂಖ್ಯೆ, ತರಗತಿ, ಬರುವ ಹೊತ್ತು ತಿಳಿಸಿ, ಅದರ ಒಂದು ಪ್ರತಿ ಜೊತೆಗಿಟ್ಟುಕೊಳ್ಳಿ. ದೊಡ್ಡ ಗುಂಪಾದರೆ ಎರಡು ಭಾಗ ಮಾಡಿ. ಒಂದು ಭಾಗ ಮನೆಯಲ್ಲಿದ್ದಾಗ ಇನ್ನೊಂದು ಮರಗಳ ಕೆಳಗಿರಲಿ. ಇದು ಸಂತೆಯ ಗದ್ದಲ ತಡೆಯುವ ಮನೆ ಅಲ್ಲ.

ದಾರಿಯೂ ನೋಡುವಂಥದ್ದೇ

ಮಡಿಕೇರಿಯಿಂದ ಪುತ್ತೂರಿಗೆ ಸುಮಾರು 85 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 275. ತಾಳತ್ತಮನೆ, ಮದೆನಾಡು, ಜೋಡುಪಾಲ, ದೇವರಕೊಲ್ಲಿ, ಕೊಯನಾಡು, ಸಂಪಾಜೆ. ಅಲ್ಲಿಗೆ ಕೊಡಗು ಮುಗಿಯುತ್ತದೆ. ಆಮೇಲೆ ಕಲ್ಲುಗುಂಡಿ, ಅರಂತೋಡು, ಸುಳ್ಯ, ಜಾಲ್ಸೂರು, ಕಾವು, ಕುಂಬ್ರ, ಪುತ್ತೂರು. ಕಾರಿನಲ್ಲಿ ಎರಡರಿಂದ ಎರಡೂವರೆ ಗಂಟೆ, ಬಸ್ಸಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಬಸ್ಸಾದರೆ ಮಡಿಕೇರಿಯ ಕೆಎಸ್ಆರ್‌ಟಿಸಿ ನಿಲ್ದಾಣದಿಂದ ಮಂಗಳೂರು ಕಡೆಯ ಗಾಡಿ ಹತ್ತಿ. ಸಾಮಾನ್ಯ ಬಸ್ಸಾದರೆ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಗುರುತಿನ ಚೀಟಿ ಮರೆಯಬೇಡಿ. ರಾಜಹಂಸ, ಎಸಿ ಬಸ್ಸುಗಳಿಗೆ ಅದು ನಡೆಯುವುದಿಲ್ಲ. ಬೆಳಗ್ಗೆ ಏಳರೊಳಗೆ ಹೊರಟರೆ ಹತ್ತರ ಹೊತ್ತಿಗೆ ಪುತ್ತೂರಿನಲ್ಲಿರುತ್ತೀರಿ. ಘಟ್ಟದ ತಿರುವಿನಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ಹೊಟ್ಟೆ ತುಂಬಾ ತಿನ್ನಿಸಬೇಡಿ, ಪೂರ್ತಿ ಖಾಲಿ ಹೊಟ್ಟೆಯಲ್ಲೂ ಕರೆದುಕೊಂಡು ಹೋಗಬೇಡಿ. ಒಂದೆರಡು ಕಿತ್ತಳೆ, ಒಂದು ಪ್ಲಾಸ್ಟಿಕ್ ಕವರ್ ಕೈಗೆ ಸಿಗುವ ಹಾಗೆ ಇರಲಿ.

ಸಂಪಾಜೆ ದಾಟುವಾಗ ಜೊತೆಯಲ್ಲಿರುವವರಿಗೆ ಹೇಳಲು ಒಂದು ವಿಷಯ ಇದೆ. ಈಗ ನಾವು ಜಿಲ್ಲೆಯ ಗಡಿ ಅನ್ನುವುದು ಹಿಂದೆ ಗಡಿಯೇ ಆಗಿರಲಿಲ್ಲ. ಅಮರ ಸುಳ್ಯ, ಪುತ್ತೂರು ಭಾಗ ಕೊಡಗಿನ ಅರಸರ ಕೈಯಲ್ಲಿತ್ತು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಮೇಲೆ ಘಟ್ಟದ ಕೆಳಗಿನ ಈ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ಹಣದಲ್ಲೇ ಕೊಡಿ ಅಂದರು. ರೈತರು ಸಿಡಿದೆದ್ದರು. 1837ರ ಅಮರ ಸುಳ್ಯದ ದಂಗೆ ಅದೇ. ಮಂಗಳೂರಿನವರೆಗೆ ರೈತರ ದಂಡು ಹೋಯಿತು. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಹಾಗೆ ನೋಡಿದರೆ ಕಾರಂತರು ಬಂದು ನೆಲೆಸಿದ ಊರು, ಅವರು ಬರುವುದಕ್ಕೆ ಸುಮಾರು ನೂರು ವರ್ಷ ಮೊದಲು ನಮ್ಮ ಸೀಮೆಯೇ. ಇದನ್ನು ಕಿಟಕಿಯ ಹೊರಗೆ ನೋಡುತ್ತಾ ಹೇಳಿ. ಕಾಫಿ, ಕರಿಮೆಣಸು ಹಿಂದೆ ಸರಿದು ಅಡಿಕೆ, ರಬ್ಬರ್ ಶುರುವಾಗುವ ಜಾಗ ಮಕ್ಕಳೇ ಹುಡುಕಲಿ.

ಬಾಲವನದಲ್ಲಿ: ಮೊದಲ ಅರ್ಧ ಗಂಟೆ ಹೊರಗೇ ಇರಿ

ಆಟೋ ಇಳಿದ ಕೂಡಲೇ ಮನೆಗೆ ನುಗ್ಗಬೇಡಿ. ಸುಮ್ನೆ ಒಂದು ಸುತ್ತು ಹಾಕಿ. ಈ ಜಾಗದ ಹೆಸರಲ್ಲೇ ಇದೆ, ಇದು ಮೊದಲು ಮಕ್ಕಳದ್ದು. ಬರಹಗಾರನ ಮನೆ ಆದದ್ದು ಆಮೇಲೆ. 1930ರ ದಶಕದಲ್ಲಿ ಕಾರಂತರು ಇಲ್ಲಿ ಮಾಡಲು ಹೊರಟದ್ದು ಶಿಕ್ಷಣದ ಪ್ರಯೋಗ. ಕೋಣೆಯಲ್ಲಿ ಕೂರಿಸಿ ಬಾಯಿಪಾಠ ಮಾಡಿಸುವುದರ ಬದಲು ಆಟ, ಹಾಡು, ಕುಣಿತ, ಮರ ಗಿಡ, ಹಕ್ಕಿ ಇವುಗಳ ನಡುವೆ ಮಕ್ಕಳು ಕಲಿಯಲಿ ಅನ್ನುವ ಯೋಚನೆ. ಅದೇ ಹೊತ್ತಿನಲ್ಲಿ ಮಕ್ಕಳಿಗಾಗಿ "ಬಾಲ ಪ್ರಪಂಚ" ಅನ್ನುವ ಮೂರು ಸಂಪುಟಗಳ ವಿಶ್ವಕೋಶ ತಂದರು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ "ವಿಜ್ಞಾನ ಪ್ರಪಂಚ" ಬಂತು. ಇಂಟರ್‌ನೆಟ್ ಬಿಡಿ, ಊರಿಗೆ ಕರೆಂಟೇ ಸರಿಯಾಗಿ ಇಲ್ಲದ ಕಾಲ. ಒಬ್ಬ ಮನುಷ್ಯ ಹಳ್ಳಿ ಮಕ್ಕಳಿಗೆ ಕನ್ನಡದಲ್ಲಿ ಪ್ರಪಂಚವನ್ನೇ ವಿವರಿಸಲು ಕೂತಿದ್ದ!

ಇಷ್ಟು ಗೊತ್ತಿದ್ದರೆ ಆ ಮರಗಳ ಕೆಳಗೆ ನಿಲ್ಲುವುದಕ್ಕೆ ಒಂದು ಅರ್ಥ ಬರುತ್ತದೆ. ಮಕ್ಕಳಿಗೆ ಒಂದು ಕೆಲಸ ಕೊಡಿ. ಮನೆಯ ಒಳಗೆ ಹೋಗುವ ಮೊದಲು ಹೊರಗೆ ಕಂಡ ಐದು ಗಿಡಗಳ ಹೆಸರು ಬರೆಯಬೇಕು, ಗೊತ್ತಿಲ್ಲದ್ದನ್ನು ಅಲ್ಲಿಯವರನ್ನು ಕೇಳಬೇಕು. ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ಮನುಷ್ಯನ ಅಂಗಳದಲ್ಲಿ ಇದಕ್ಕಿಂತ ಒಳ್ಳೆಯ ಶುರು ಇಲ್ಲ.

ಮನೆಯ ಒಳಗೆ

ಇಲ್ಲಿ ನಿಧಾನ ಮಾಡಿ. ಹಂಚಿನ ಮಾಡಿನ ಮನೆ. ದೊಡ್ಡದಲ್ಲ. ಬೇಗ ನೋಡಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಹಾಗೆ ನೋಡಿದವರೇ "ಏನಿದೆ ಅಲ್ಲಿ" ಅನ್ನುವವರು.

ಮೊದಲ ಸುತ್ತಿನಲ್ಲಿ ಏನನ್ನೂ ಓದಬೇಡಿ. ಕೋಣೆಯಿಂದ ಕೋಣೆಗೆ ನಡೆಯಿರಿ. ಬೆಳಕು ಎಲ್ಲಿಂದ ಬರುತ್ತದೆ, ಕಿಟಕಿಯಿಂದ ಏನು ಕಾಣುತ್ತದೆ, ಗಾಳಿ ಎಲ್ಲಿ ಆಡುತ್ತದೆ ಅಂತ ನೋಡಿ. ಬರೆಯುವವನು ನಾನಾಗಿದ್ದರೆ ಎಲ್ಲಿ ಕೂರುತ್ತಿದ್ದೆ ಅಂತ ಒಂದು ಜಾಗ ಆರಿಸಿ. ಜೊತೆಯವರೂ ಆರಿಸಲಿ. ಆಮೇಲೆ ಕಾರಂತರು ಎಲ್ಲಿ ಕೂರುತ್ತಿದ್ದರು ಅಂತ ಅಲ್ಲಿಯವರನ್ನು ಕೇಳಿ. ಉತ್ತರ ಏನೇ ಬರಲಿ, ಆ ಹೊತ್ತಿಗೆ ಮನೆ ನಿಮಗೆ ಪರಿಚಯ ಆಗಿರುತ್ತದೆ.

ಎರಡನೇ ಸುತ್ತಿನಲ್ಲಿ ಫೋಟೋಗಳನ್ನು ನೋಡಿ. ಹಿರಿಯರ ಫೋಟೋ ನೋಡುವಾಗ ನಾವು ಮುಖ ಮಾತ್ರ ನೋಡುತ್ತೇವೆ. ಮುಖ ಬಿಟ್ಟು ಉಳಿದದ್ದು ನೋಡಿ. ಬಟ್ಟೆ ಎಂಥದ್ದು, ಕೈ ಏನು ಮಾಡುತ್ತಿದೆ, ಪಕ್ಕದಲ್ಲಿ ಯಾರು, ಹಿಂದೆ ಯಾವ ಕಟ್ಟಡ. ಕಾಲೇಜು ಬಿಟ್ಟು ಗಾಂಧೀಜಿಯ ಹಿಂದೆ ಹೋದ ಹುಡುಗ, ಖಾದಿ ಮಾರಿದವನು, ಮೂಕಿ ಚಿತ್ರ ತೆಗೆದವನು, ಯಕ್ಷಗಾನದ ಗೆಜ್ಜೆ ಕಟ್ಟಿದವನು, 1968ರಲ್ಲಿ ಪದ್ಮಭೂಷಣ ತೆಗೆದುಕೊಂಡು ತುರ್ತು ಪರಿಸ್ಥಿತಿ ಬಂದಾಗ ಅದನ್ನು ವಾಪಸ್ ಮಾಡಿದವನು, ಕೈಗಾ ಅಣುಸ್ಥಾವರ ಬೇಡ ಅಂತ ಇಳಿವಯಸ್ಸಿನಲ್ಲಿ ಚುನಾವಣೆಗೆ ನಿಂತವನು. ಎಲ್ಲರೂ ಒಬ್ಬರೇ. ಆ ಹತ್ತು ಮುಖಗಳಲ್ಲಿ ಯಾವ ಮುಖ ಯಾವ ಫೋಟೋದಲ್ಲಿದೆ ಅಂತ ಹುಡುಕುವುದು ಮಕ್ಕಳಿಗೂ ಆಟ ಆಗುತ್ತದೆ.

ಲೀಲಾ ಕಾರಂತರ ಬಗ್ಗೆ ಮರೆಯದೆ ಕೇಳಿ. 1936ರಲ್ಲಿ ಜಾತಿ ಮೀರಿ ಆದ ಮದುವೆ. ಊರೂರು ತಿರುಗುವ, ಒಂದಾದ ಮೇಲೊಂದು ಸಾಹಸಕ್ಕೆ ಕೈ ಹಾಕುವ ಗಂಡ. ಅಂಥವರ ಮನೆ ನಡೆಸುವುದು ಅಂದರೆ ಏನು ಅಂತ ನಮ್ಮ ಮನೆಯ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಬರಹಗಾರರ ಮನೆ ನೋಡುವಾಗ ನಾನು ಅಡುಗೆಮನೆ ಎಲ್ಲಿತ್ತು ಅಂತ ಕೇಳಿಯೇ ಕೇಳುತ್ತೇನೆ. ಬರುವ ಉತ್ತರಗಳು ಎಷ್ಟೋ ಸಲ ಗೋಡೆಯ ಮೇಲಿನ ಫಲಕಕ್ಕಿಂತ ಸ್ವಾರಸ್ಯವಾಗಿರುತ್ತವೆ.

ಗುರುತು ಹಾಕಿಕೊಂಡು ಬಂದ ಪುಟ ನೆನಪಿದೆಯಾ? ಜಗಲಿಯಲ್ಲೋ ಮರದ ಕೆಳಗೋ ಕೂತು ಅದನ್ನು ಗಟ್ಟಿಯಾಗಿ ಓದಿ. ಒಂದು ಪುಟ ಸಾಕು. ನಾಚಿಕೆ ಆಗುತ್ತದೆ, ನಿಜ. ಒಬ್ಬರು ಶುರು ಮಾಡಿದರೆ ಎರಡನೆಯವರು ತಾವಾಗಿಯೇ ಪುಸ್ತಕಕ್ಕೆ ಕೈ ಚಾಚುತ್ತಾರೆ.

ಅಚ್ಚುಮೊಳೆಯ ವಿಷಯ

ಕಾರಂತರು ಬರೆದು ಸುಮ್ಮನಾದವರಲ್ಲ. ಪುತ್ತೂರಿನಲ್ಲಿ ಹರ್ಷ ಮುದ್ರಣಾಲಯ, ಹರ್ಷ ಪ್ರಕಟಣಾಲಯ ನಡೆಸಿ ಪುಸ್ತಕ ಅಚ್ಚು ಹಾಕಿ ಮಾರಿದರು. ಈಗಿನ ಮಕ್ಕಳಿಗೆ ಅಚ್ಚು ಹಾಕುವುದು ಅಂದರೆ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುವುದು. ಆಗ ಹೇಗಿತ್ತು ಅಂತ ಹೇಳಿ.

ಒಂದೊಂದು ಅಕ್ಷರಕ್ಕೂ ಸೀಸ ಬೆರೆತ ಲೋಹದ ಒಂದೊಂದು ಮೊಳೆ. ಅಕ್ಷರ ಅದರ ಮೇಲೆ ತಿರುಗುಮುರುಗಾಗಿ ಇರುತ್ತದೆ. ಮೊಳೆ ಜೋಡಿಸುವವನು ಖಾನೆಗಳಿಂದ ಒಂದೊಂದನ್ನೇ ಆರಿಸಿ ಸಾಲು ಕಟ್ಟಬೇಕು. ಇಂಗ್ಲಿಷಿಗೆ ಕೆಲವೇ ಖಾನೆ ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಬೇಕು. "ಪುತ್ತೂರು" ಅನ್ನುವ ಒಂದು ಪದಕ್ಕೇ ಕೈ ಎಷ್ಟು ಕಡೆ ಓಡಾಡಬೇಕು ಅಂತ ಲೆಕ್ಕ ಹಾಕಿ. ಒಂದು ಪುಟ ಜೋಡಿಸಿ, ಕರಡು ತೆಗೆದು, ತಪ್ಪು ತಿದ್ದಿ, ಅಚ್ಚಾದ ಮೇಲೆ ಎಲ್ಲ ಮೊಳೆಗಳನ್ನು ಬಿಡಿಸಿ ವಾಪಸ್ ಅದರದರ ಖಾನೆಗೆ ಹಾಕಬೇಕು. ಆಮೇಲೆ ಮುಂದಿನ ಪುಟ.

ಗ್ರಂಥಾಲಯದಲ್ಲಿ ಹಳೆಯ ಪುಸ್ತಕ ಕೈಗೆ ಕೊಟ್ಟರೆ ಒಂದು ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಿಂಬದಿಯಲ್ಲಿ ಅಕ್ಷರಗಳು ಸಣ್ಣಗೆ ಉಬ್ಬಿಕೊಂಡಿರುತ್ತವೆ. ಮೊಳೆ ಕಾಗದವನ್ನು ಒತ್ತಿದ ಗುರುತು ಅದು. ಒಣಗಿದ, ಶುಭ್ರವಾದ ಬೆರಳಿನಿಂದ ಮೆಲ್ಲನೆ ಸವರಿದರೆ ತಿಳಿಯುತ್ತದೆ. ಮೊದಲು ಅನುಮತಿ ಕೇಳಿ. ಕೊಡದಿದ್ದರೆ ಬೇಜಾರು ಬೇಡ, ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿರುವ 1950ರ ದಶಕದ ಯಾವುದೇ ಕನ್ನಡ ಪುಸ್ತಕದಲ್ಲಿ ಇದನ್ನು ನೋಡಬಹುದು. ಮನೆಗೆ ಬಂದ ಮೇಲೆ ಮಕ್ಕಳಿಂದ ಅವರ ಹೆಸರನ್ನು ತಿರುಗುಮುರುಗಾಗಿ ಬರೆಸಿ ಕನ್ನಡಿಯಲ್ಲಿ ಓದಿಸಿ. ಒತ್ತಕ್ಷರ ಇರುವ ಹೆಸರಿನವರ ಪಾಡು ನೋಡುವಂತಿರುತ್ತದೆ.

ನಾಟ್ಯಶಾಲೆ

ಬರಹಗಾರರ ಮನೆ ಬೇಕಾದಷ್ಟಿವೆ. ಅಂಗಳದಲ್ಲೇ ಕುಣಿಯಲು ಒಂದು ಶಾಲೆ ಕಟ್ಟಿಕೊಂಡವರು ಅಪರೂಪ. ಬಾಲವನದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಸಂಪಾಜೆ, ಕಲ್ಲುಗುಂಡಿ ಕಡೆಯವರಿಗೆ ಯಕ್ಷಗಾನ ಹೊಸದಲ್ಲ, ಅವರು ಅದರ ದಕ್ಷಿಣದ ಶೈಲಿಯಾದ ತೆಂಕುತಿಟ್ಟು ನೋಡಿ ಬೆಳೆದವರು. ಕಾರಂತರದು ಉತ್ತರದ ಶೈಲಿಯಾದ ಬಡಗುತಿಟ್ಟಿನ ಊರು. ರಾತ್ರಿಯಿಡೀ ನಡೆಯುವ ಆಟವನ್ನು ಅವರು ಕೆಲವು ಗಂಟೆಗೆ ಇಳಿಸಿದರು. ಮಾತು ಕಡಿಮೆ ಮಾಡಿ ಕುಣಿತ ಮುಂದೆ ತಂದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದರು. ಬೈದವರು ಬೇಕಾದಷ್ಟು ಜನ. ಮಾತೇ ಯಕ್ಷಗಾನದ ಜೀವ ಅನ್ನುವವರಿಗೆ ಈಗಲೂ ಇದು ಒಪ್ಪಿಗೆ ಇಲ್ಲ, ಅದರಲ್ಲೂ ವೇಷ, ಕುಣಿತ ಇಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯ ರುಚಿ ಹತ್ತಿದವರಿಗೆ. ನಾನೂ ಅಲ್ಲಿ ಮಾತಾಡುವ ಅರ್ಥಧಾರಿಗಳ ಪಕ್ಷವೇ. ಆದರೂ ಪರದೇಶದವರ ಮುಂದೆ ನಮ್ಮ ಬಣ್ಣ, ನಮ್ಮ ಹೆಜ್ಜೆ ತೆಗೆದುಕೊಂಡು ಹೋಗಿ ನಿಂತದ್ದು ಸಣ್ಣ ಕೆಲಸವಲ್ಲ ಅಂತ ಒಪ್ಪುತ್ತೇನೆ.

ಹೋಗುವ ಮೊದಲು ಯೂಟ್ಯೂಬಿನಲ್ಲಿ ಒಂದು ತೆಂಕು, ಒಂದು ಬಡಗು ಒಡ್ಡೋಲಗ (ಪಾತ್ರಗಳು ರಂಗಕ್ಕೆ ಬರುವಾಗಿನ ಕುಣಿತ) ನೋಡಿಕೊಂಡು ಹೋಗಿ. ನಾಟ್ಯಶಾಲೆಯ ಒಳಗೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ದನಿ ಹೇಗೆ ತಿರುಗಿ ಬರುತ್ತದೆ ಕೇಳಿ. ಚೆಂಡೆ ಬಾರಿಸಿದರೆ ಇಲ್ಲಿ ಏನಾಗುತ್ತಿತ್ತು ಅಂತ ಊಹಿಸಿ. ಮಕ್ಕಳಿಗೆ ಕುಣಿಯಬೇಕು ಅನಿಸಿದರೆ, ಅಲ್ಲಿಯವರು ಬೇಡ ಅನ್ನದಿದ್ದರೆ, ಕುಣಿಯಲಿ ಬಿಡಿ. ಕಟ್ಟಿದ್ದೇ ಅದಕ್ಕಲ್ವಾ!

ಒಂದಿಷ್ಟು ಶಿಸ್ತು

ಫೋಟೋ ತೆಗೆಯುವ ಮೊದಲು ಕೇಳಿ, ಹಸ್ತಪ್ರತಿ ಇದ್ದರೆ ಫ್ಲ್ಯಾಶ್ ಬೇಡ. ಚಪ್ಪಲಿ ಹೊರಗೆ. ಸಂದರ್ಶಕರ ಪುಸ್ತಕ ಇದ್ದರೆ "ಚೆನ್ನಾಗಿದೆ" ಅಂತ ಬರೆದು ಓಡಬೇಡಿ. ಯಾವುದು ಇಷ್ಟವಾಯಿತು, ಯಾವುದಕ್ಕೆ ವಿವರ ಬೇಕಿತ್ತು ಅಂತ ಎರಡು ಸಾಲು ಬರೆಯಿರಿ. ಕೊಡಗಿನಿಂದ ಬಂದವರು ಅಂತ ಊರಿನ ಹೆಸರೂ ಹಾಕಿ.

ಊಟ, ವಾಪಸ್

ಮಧ್ಯಾಹ್ನದ ಊಟ ಪುತ್ತೂರು ಪೇಟೆಯಲ್ಲಿ. ಸಂಜೆಗಾದರೆ ಗೋಳಿಬಜೆ, ಬನ್ಸ್. ಹೊತ್ತು ಉಳಿದರೆ ಮಹಾಲಿಂಗೇಶ್ವರ ದೇವಸ್ಥಾನಕ್ಕೆ ಹೋಗಬಹುದು. ಮೊಳಹಳ್ಳಿ ಶಿವರಾಯರ ಹೆಸರು ಎಲ್ಲಾದರೂ ಕಂಡರೆ ನಿಂತು ಓದಿ. ಸಹಕಾರಿ ಚಳವಳಿಯ ಹಿರಿಯರು, ಕಾರಂತರು ಪುತ್ತೂರಿನಲ್ಲಿ ನೆಲೆಯೂರಲು ಬೆನ್ನಿಗೆ ನಿಂತವರು.

ಕುಕ್ಕೆ ಸುಬ್ರಹ್ಮಣ್ಯವನ್ನು ಇದೇ ದಿನಕ್ಕೆ ಸೇರಿಸಬೇಡಿ. ನಮ್ಮವರ ಅಭ್ಯಾಸವೇ ಅದು, ಹೊರಟದ್ದು ಹೊರಟಾಯಿತು, ಇದೂ ಮುಗಿಸೋಣ ಅಂತ. ಸರತಿ ಸಾಲು, ಊಟದ ಸಾಲು ಎರಡರಲ್ಲೂ ನಿಂತ ಮೇಲೆ ಬಾಲವನಕ್ಕೆ ಉಳಿಯುವುದು ಸುಸ್ತು ಮಾತ್ರ. ನಾಲ್ಕರೊಳಗೆ ಪುತ್ತೂರು ಬಿಟ್ಟರೆ ಕತ್ತಲಾಗುವ ಮೊದಲು ಘಟ್ಟ ಹತ್ತಿ ಮುಗಿಸಬಹುದು. ಜೋಡುಪಾಲದ ಮೇಲೆ ಮಂಜು ಸಿಕ್ಕರೆ ಅವಸರ ಮಾಡಬೇಡಿ.

ಊರಿಗೆ ಬಂದ ಮೇಲೆ ಮಾಡಬಹುದಾದದ್ದು

ಬಾಲವನ ನೋಡಿ ಬಂದವರು ಕೇಳುವ ಪ್ರಶ್ನೆ ಒಂದೇ. ನಮ್ಮಲ್ಲಿ ಯಾರಿದ್ದಾರೆ? ಇದ್ದಾರೆ. ಬರೆದು, ಹಾಡಿ, ಆಡಿಸಿದವರು ಬೇಕಾದರೆ ಹರದಾಸ ಅಪ್ಪಚ್ಚ ಕವಿ ಇದ್ದಾರೆ. 1868ರಿಂದ 1944ರವರೆಗೆ ಬದುಕಿ, ಕೊಡವ ತಕ್ಕಿನಲ್ಲಿ ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಅಂತ ನಾಲ್ಕು ನಾಟಕ ಬರೆದವರು. ಕಥೆ ಬೇಕಾದರೆ ಕೊಡಗಿನ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು, ಬಂದಾಗ ಮೈಮೇಲಿನ ಒಡವೆ ಹರಿಜನ ನಿಧಿಗೆ ಕೊಟ್ಟರು. 1939ರಲ್ಲಿ ಈಜಲು ಹೋಗಿ ನೀರುಪಾಲಾದಾಗ ಇನ್ನೂ ಇಪ್ಪತ್ತೇಳು.

ಸಂಗ್ರಹಾಲಯ ಇದ್ದರೇ ನೋಡಬೇಕು ಅಂತಿಲ್ಲ. ಮೇಲೆ ಹೇಳಿದ ಕ್ರಮವನ್ನೇ ಇಲ್ಲಿಗೂ ಹಚ್ಚಿ. ಗೌರಮ್ಮನವರ "ವಾಣಿಯ ಸಮಸ್ಯೆ" ಕಥೆ ಓದಿಕೊಂಡು ಒಂದು ಬೆಳಗ್ಗೆ ಸುಂಟಿಕೊಪ್ಪದ ಕಡೆ ಹೋಗಿ. ಅವರು ಬಾಳಿದ್ದು ಆ ಭಾಗದ ತೋಟದಲ್ಲಿ. ರಸ್ತೆ ಬದಿಯಲ್ಲಿ ನಿಂತು ಒಂದು ಪುಟ ಓದಿ. ಊರಿನ ಹಿರಿಯರು ಯಾರಾದರೂ ಸಿಕ್ಕರೆ ಮಾತನಾಡಿಸಿ, ಹೇಳಿದ್ದನ್ನು ಬರೆದುಕೊಳ್ಳಿ. ಖಾಸಗಿ ತೋಟ, ಗೇಟು ದಾಟಿ ಒಳಗೆ ಹೋಗಬೇಡಿ.

ಕಾರಂತರ ಗುಂಗು ಹಿಡಿದವರು ಮುಂದಿನ ಸಲ ಹುಟ್ಟೂರು ಕೋಟಕ್ಕೆ ಹೋಗಬಹುದು. ಉಡುಪಿ ದಾಟಿ ಕುಂದಾಪುರದ ದಾರಿಯಲ್ಲಿ, ಹೆದ್ದಾರಿ 66ರ ಬದಿಯಲ್ಲೇ ಇದೆ. ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ. ಪುತ್ತೂರು ಬಿಟ್ಟ ಮೇಲೆ ಅವರು ನೆಲೆಸಿದ ಸಾಲಿಗ್ರಾಮ ಪಕ್ಕದಲ್ಲೇ. ಮಡಿಕೇರಿಯಿಂದ ಒಂದೇ ದಿನದಲ್ಲಿ ಹೋಗಿ ಬರುವ ಮಾತಲ್ಲ. ಉಡುಪಿಯಲ್ಲಿ ರಾತ್ರಿ ಉಳಿದು ಬೆಳಗ್ಗೆ ಬೇಗ ಹೊರಡಿ, ಹತ್ತು ಗಂಟೆಯ ಮೇಲೆ ಅಲ್ಲಿಯ ಬಿಸಿಲು ಪುತ್ತೂರಿನದಕ್ಕಿಂತ ಜೋರು.